ಹತ್ತು ಗಂಟೆಗೆ ಕಾಣದ ನೋವು



ರುಮಟಾಯ್ಡ್ ಸಂಧಿವಾತ ಇರುವವರ ಮನೆಗೆ ಬೆಳಗ್ಗೆ ಹತ್ತಕ್ಕೆ ಹೋದರೆ ನಿಮಗೇನೂ ಕಾಣಿಸದು. ಕಾಫಿ ಕೊಡುತ್ತಾರೆ, ನಗುತ್ತಾ ಮಾತಾಡುತ್ತಾರೆ. ಆರಕ್ಕೆ ಹೋಗಿದ್ದರೆ ಬೇರೆಯದೇ ಕಾಣುತ್ತಿತ್ತು. ನಲ್ಲಿ ತಿರುಗಿಸಲು ಬೆರಳು ಮಡಚದು, ಹಾಲಿನ ಪ್ಯಾಕೆಟ್ ಕತ್ತರಿಸಲಾಗದು, ರಂಗೋಲಿ ಪುಡಿ ಚಿಟಿಕೆಗೆ ನಿಲ್ಲದು. ಈ ಬಿಗಿತ ಒಂದು ಗಂಟೆಗೂ ಮೀರಿ ಇರಬಹುದು, ಹೊತ್ತೇರಿದಂತೆ ಸಡಿಲವಾಗುತ್ತದೆ. ಅಷ್ಟರಲ್ಲಿ ಮನೆಯಲ್ಲೇ ಮಾತು ಹುಟ್ಟಿರುತ್ತದೆ: “ಈಗ ಚೆನ್ನಾಗೇ ಓಡಾಡ್ತಿದಾಳಲ್ಲ, ಕೆಲಸದ ಹೊತ್ತಿಗೆ ಮಾತ್ರ ನೋವು!”

ಕೀಲಿನ ನೋವಿಗೆ ಮಾತ್ರೆ ಇದೆ. ಈ ಮಾತಿನ ನೋವಿಗೆ ಇಲ್ಲ.

ಈ ಸಂಧಿವಾತ ವಯಸ್ಸಾದಂತೆ ಬರುವ ಮಂಡಿ ಸವೆತವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ 2–3 ಪಟ್ಟು ಹೆಚ್ಚು. ಸಂಸಾರ, ನೌಕರಿ ಎರಡೂ ಹೆಗಲ ಮೇಲಿರುವ ನಡುವಯಸ್ಸಿನಲ್ಲೇ ಹಲವರಿಗೆ ಶುರುವಾಗುತ್ತದೆ. ಮಕ್ಕಳಿಗೆ ಬರುವ ಸಂಧಿವಾತವೂ ಉಂಟು. ಪೂರ್ತಿ ವಾಸಿಮಾಡುವ ಔಷಧಿ ಇಲ್ಲದಿದ್ದರೂ, ಬೇಗ ಚಿಕಿತ್ಸೆ ಹಿಡಿದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಆದರೆ ಚಿಕಿತ್ಸೆ ನಿಲ್ಲುವುದು ತಿಳಿವಳಿಕೆಯ ಮೇಲೆ. ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೇ ನೋಡಿ. ಅದನ್ನು ನುಂಗಬೇಕಾದದ್ದು ವಾರಕ್ಕೊಮ್ಮೆ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಗುಣ ಕಾಣಲು 6ರಿಂದ 12 ವಾರ ಬೇಕಾಗಬಹುದು. ನಡುನಡುವೆ ರಕ್ತಪರೀಕ್ಷೆ ಆಗಬೇಕು. ಯಾರೂ ಕೂರಿಸಿ ಹೇಳದಿದ್ದರೆ, ಹದಿನೈದು ದಿನ ನೋಡಿ “ಈ ಮಾತ್ರೆ ಹಿಡಿಸಲಿಲ್ಲ” ಎಂದು ಬಿಟ್ಟುಬಿಡುತ್ತಾರೆ. ಆಮೇಲೆ ಯಾರೋ ಹೇಳಿದ ಹೆಸರಿಲ್ಲದ ಪುಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ನೋವು ಬೇಗ ಮಾಯವಾಗುತ್ತದೆ. ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ತಡವಾಗಿ ಗೊತ್ತಾಗುತ್ತದೆ.

ವೈದ್ಯರೇ, ವಾರದಲ್ಲಿ ಮಾತ್ರೆ ನುಂಗುವ ದಿನ ಯಾವುದೆಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ. ಊತ ಮುಟ್ಟಿ ನೋಡುವಾಗ ನಿದ್ದೆ, ಮನಸ್ಸು ಹೇಗಿದೆಯೆಂದೂ ಕೇಳಿ. ಈ ಕಾಯಿಲೆಯವರಲ್ಲಿ ಖಿನ್ನತೆ ಹೆಚ್ಚು.

ಮೇಷ್ಟ್ರೇ, ಟೀಚರೇ, ಮೊದಲ ಪಿರಿಯಡ್ಡಿನಲ್ಲಿ ನಿಧಾನ ಬರೆಯುವ ಮಗು ಸೋಮಾರಿಯಲ್ಲದಿರಬಹುದು, ಅದರ ಬೆರಳು ಬಿಗಿದಿರಬಹುದು. ಅದಕ್ಕೆ ಸ್ವಲ್ಪ ಹೊತ್ತು ಹೆಚ್ಚು ಕೊಡಿ.

ಊರಿನ ಮಹಿಳಾ ಸಂಘದವರೇ, ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಭಾಷಣ ಬೇಡ. ಈ ಕಾಯಿಲೆ ಇರುವ ನಾಲ್ಕು ಜನರನ್ನು ಒಂದೆಡೆ ಕೂರಿಸಿ. “ನಿಮಗೂ ಹೀಗೇನಾ?” ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಇನ್ನು ನೆಂಟರಿಷ್ಟರಲ್ಲಿ ಒಂದೇ ಬೇಡಿಕೆ. ಮುಂದಿನ ಸಲ ಹೋದಾಗ “ಇನ್ನೂ ವಾಸಿಯಾಗಿಲ್ವಾ?” ಎನ್ನಬೇಡಿ. “ಇವತ್ತು ಬೆಳಗ್ಗೆ ಹೇಗಿತ್ತಮ್ಮ?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂತಿರಿ.