ಚಾಲಕನ ತಲೆಸುತ್ತು ಖಾಸಗಿ ವಿಷಯವಲ್ಲ

2024ರ ನವೆಂಬರ್ ಮೊದಲ ವಾರದಲ್ಲಿ, ನೆಲಮಂಗಲದ ಕಡೆಯಿಂದ ಪ್ರಯಾಣಿಕರನ್ನು ಹೊತ್ತು ಬರುತ್ತಿದ್ದ ಬಿಎಂಟಿಸಿ ಬಸ್ಸಿನ ಚಾಲಕರೊಬ್ಬರು ಹೃದಯಾಘಾತಕ್ಕೆ ಒಳಗಾಗಿ ಸ್ಟಿಯರಿಂಗ್ ಹಿಡಿದಂತೆಯೇ ಪಕ್ಕಕ್ಕೆ ವಾಲಿದರು. ಅವರಿಗೆ ನಲವತ್ತರ ಆಸುಪಾಸಿನ ವಯಸ್ಸು. ಬಸ್ಸು ಮತ್ತೊಂದು ಬಸ್ಸನ್ನು ಸವರಿಕೊಂಡು ಮುಂದೆ ಸಾಗಿತು. ಅಷ್ಟರಲ್ಲಿ ನಿರ್ವಾಹಕರು ಚಾಲಕನ ಆಸನದತ್ತ ನುಗ್ಗಿ ವಾಹನವನ್ನು ನಿಲ್ಲಿಸಿದ್ದರಿಂದ ಪ್ರಯಾಣಿಕರೆಲ್ಲರೂ ಉಳಿದರು. ಚಾಲಕರು ಮಾತ್ರ ಉಳಿಯಲಿಲ್ಲ. ಬಸ್ಸಿನೊಳಗಿನ ಕ್ಯಾಮೆರಾದಲ್ಲಿ ಸೆರೆಯಾದ ಆ ಕೆಲವು ಕ್ಷಣಗಳ ದೃಶ್ಯವನ್ನು ದೇಶದಾದ್ಯಂತ ಜನ ನೋಡಿದರು. ನಿರ್ವಾಹಕರ ಸಮಯಪ್ರಜ್ಞೆಗೆ ಸಂದ ಪ್ರಶಂಸೆ ನ್ಯಾಯವಾದದ್ದೇ.

ಇಂತಹ ಘಟನೆಗಳಲ್ಲಿ ಒಂದಷ್ಟು ಯಾವ ಮುನ್ಸೂಚನೆಯೂ ಇಲ್ಲದೆ ಎರಗುತ್ತವೆ. ಅವುಗಳಿಗಾಗಿ ಯಾರನ್ನೂ ದೂರುವಂತಿಲ್ಲ. ಆದರೆ ದೇಹ ಮೊದಲೇ ಒಮ್ಮೆ, ಕೆಲವೊಮ್ಮೆ ಎರಡು ಮೂರು ಬಾರಿ ಎಚ್ಚರಿಕೆ ಕೊಟ್ಟ ಬಳಿಕ ಸಂಭವಿಸುವ ಅನಾಹುತಗಳೂ ಇವೆ. ವಾಹನ ನಡೆಸುವಾಗ ಅರೆಕ್ಷಣ ಕಣ್ಣು ಕತ್ತಲಿಟ್ಟಿತು, ಎಡಗೈ ಜೋಮು ಹಿಡಿದಂತಾಯಿತು, ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರಿತು, ದಿನವೂ ಹೋಗುವ ದಾರಿಯಲ್ಲೇ ಎಲ್ಲಿದ್ದೇನೆಂಬುದು ಒಂದು ನಿಮಿಷ ತಿಳಿಯದಾಯಿತು. ನಮ್ಮಲ್ಲಿ ಇವಕ್ಕೆಲ್ಲ ಸಿದ್ಧ ಉತ್ತರಗಳಿವೆ: ಗ್ಯಾಸ್, ಪಿತ್ತ, ರಾತ್ರಿ ನಿದ್ದೆಗೆಟ್ಟದ್ದು, ಬಿಸಿಲು. ಒಂದು ಸೋಡಾ ಕುಡಿದು, ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ಗಾಡಿ ಏರುವುದು ರೂಢಿ. ಲಕ್ಷಣ ತಾನಾಗಿ ಮಾಯವಾದ್ದರಿಂದ ಅದು ಕ್ಷುಲ್ಲಕವೆಂಬ ತೀರ್ಮಾನಕ್ಕೂ ಬರುತ್ತೇವೆ. ಅಪಾಯವಿರುವುದು ಈ ತೀರ್ಮಾನದಲ್ಲಿಯೇ.

ತಾನಾಗಿ ಮಾಯವಾಗುವುದು ಕೆಲವು ಗಂಭೀರ ಕಾಯಿಲೆಗಳ ಸ್ವಭಾವ. ಮೆದುಳಿನ ರಕ್ತನಾಳವೊಂದು ಕೆಲ ನಿಮಿಷ ಕಟ್ಟಿಕೊಂಡು ಮತ್ತೆ ತೆರೆದುಕೊಂಡರೆ ಮಾತು ತೊದಲುವುದು, ಕೈ ಬಲ ಕಳೆದುಕೊಳ್ಳುವುದು, ಒಂದು ಕಣ್ಣಿನ ನೋಟ ಮಂಜಾಗುವುದು, ಎಲ್ಲವೂ ಬಂದು ಹೋಗುತ್ತವೆ. ವೈದ್ಯರು ಇದನ್ನು ಟಿಐಎ ಎನ್ನುತ್ತಾರೆ. ಪೂರ್ಣ ಪ್ರಮಾಣದ ಪಾರ್ಶ್ವವಾಯು ಬಡಿಯುವ ಸಂಭವ ಅತಿ ಹೆಚ್ಚಾಗಿರುವುದು ಇದಾದ ಮೊದಲ 48 ಗಂಟೆಗಳಲ್ಲಿ. ಅಂದರೆ ‘ಈಗ ಸರಿಹೋಯಿತು’ ಎಂದು ಮರುದಿನ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಕಾರು ತೆಗೆಯುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಹೃದಯದ ಬಡಿತ ಲಯ ತಪ್ಪಿ ಕೆಲ ಕ್ಷಣ ಪ್ರಜ್ಞೆ ಹೋಗುವುದೂ ಹೀಗೆಯೇ. ಮತ್ತೆ ಲಯಕ್ಕೆ ಬಂದ ಮೇಲೆ ಮನುಷ್ಯ ಮೊದಲಿನಂತೆಯೇ ಕಾಣುತ್ತಾನೆ. ಮಧುಮೇಹಿಗಳಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ, ಬರಿಯ ಬೆವರು ಮತ್ತು ಆಯಾಸದ ರೂಪದಲ್ಲಿ ಬರಬಹುದು. ಗ್ಯಾಸ್ ಎಂಬ ನಮ್ಮ ಮನೆಮಾತಿನ ರೋಗನಿರ್ಣಯಕ್ಕೆ ಬಲಿಯಾದವರಲ್ಲಿ ಇಂಥವರು ಅದೆಷ್ಟೋ.

ಮಧುಮೇಹದ ಮಾತು ಬಂದಿರುವುದರಿಂದ ಇನ್ನಷ್ಟು ಹೇಳಬೇಕು. ಈ ಪುಟದ ಓದುಗರ ಮನೆಗಳಲ್ಲಿ ಸಕ್ಕರೆ ಕಾಯಿಲೆಯಿಲ್ಲದ ಮನೆ ಅಪರೂಪವೆಂದೇ ನನ್ನ ಎಣಿಕೆ. ಸಕ್ಕರೆ ಏರುವುದರ ಬಗ್ಗೆ ನಮಗಿರುವ ಭಯ ಅದು ಇಳಿಯುವುದರ ಬಗ್ಗೆ ಇಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರು ಊಟ ತಡಮಾಡಿದರೆ ರಕ್ತದ ಸಕ್ಕರೆ ಪ್ರಮಾಣ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಮೊದಲು ಕೆಡುವುದು ವಿವೇಚನೆ. ತನಗೇನೋ ಆಗುತ್ತಿದೆ ಎಂಬ ಅರಿವೇ ಅವರಿಗಿರುವುದಿಲ್ಲ. ಪಕ್ಕದಲ್ಲಿ ಕುಳಿತವರು ಹೇಳಿದರೆ ಸಿಡಿಮಿಡಿಗೊಳ್ಳುತ್ತಾರೆ. ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡು ಏಕಾದಶಿಯ ಉಪವಾಸವನ್ನೋ ರಂಜಾನಿನ ರೋಜಾವನ್ನೋ ಆಚರಿಸುತ್ತ ವಾಹನ ನಡೆಸುವವರು ಇದನ್ನು ತಮ್ಮ ವೈದ್ಯರೊಂದಿಗೆ ಮುಂಚಿತವಾಗಿ ಮಾತಾಡಿಕೊಳ್ಳುವುದು ಭಕ್ತಿಗೆ ಕುಂದಲ್ಲ. ಬ್ರಿಟನ್ನಿನಲ್ಲಿ ಇನ್ಸುಲಿನ್ ಪಡೆಯುವ ಚಾಲಕರಿಗೆ ಕೊಡುವ ಸೂಚನೆ ಸ್ಪಷ್ಟವಾಗಿದೆ: ಸಕ್ಕರೆ ಕುಸಿದರೆ ವಾಹನ ನಿಲ್ಲಿಸಬೇಕು, ಸಿಹಿ ತಿನ್ನಬೇಕು, ಸಕ್ಕರೆ ಸಹಜ ಮಟ್ಟಕ್ಕೆ ಮರಳಿದ ಮೇಲೂ 45 ನಿಮಿಷ ಕಾಯಬೇಕು. ಮೆದುಳು ಚೇತರಿಸಿಕೊಳ್ಳಲು ಅಷ್ಟು ಸಮಯ ಬೇಕು.

ಅದೇ ಬ್ರಿಟನ್ನಿನ ಇನ್ನೊಂದು ಪ್ರಕರಣ, ಬಚ್ಚಿಟ್ಟ ಒಂದು ಲಕ್ಷಣಕ್ಕೆ ಎಷ್ಟು ಬೆಲೆ ತೆರಬೇಕಾಗಬಹುದೆಂಬುದನ್ನು ತೋರಿಸುತ್ತದೆ. 2014ರ ಡಿಸೆಂಬರ್ 22ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಕ್ರಿಸ್‌ಮಸ್ ಖರೀದಿಯ ಜನಜಂಗುಳಿಯ ನಡುವೆ, ಪಾಲಿಕೆಯ ಕಸದ ಲಾರಿಯೊಂದು ಪಾದಚಾರಿ ಮಾರ್ಗವನ್ನೇರಿತು. ಚಾಲಕನಿಗೆ ಪ್ರಜ್ಞೆ ತಪ್ಪಿತ್ತು. ಲಾರಿ ನಿಯಂತ್ರಣವಿಲ್ಲದೆ ಸಾಗಿದ್ದು 19 ಸೆಕೆಂಡು. ಸತ್ತವರು ಆರು ಮಂದಿ. ಆ ಬಳಿಕ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ಹೊರಬಂದ ಸಂಗತಿಯೆಂದರೆ, ಅದೇ ವ್ಯಕ್ತಿ 2010ರಲ್ಲಿ ಬಸ್ ಚಾಲಕನಾಗಿದ್ದಾಗ, ನಿಂತಿದ್ದ ಬಸ್ಸಿನ ಸ್ಟಿಯರಿಂಗ್ ಹಿಂದೆಯೇ ಪ್ರಜ್ಞೆ ಕಳೆದುಕೊಂಡಿದ್ದ. ಅದು ಕ್ಯಾಂಟೀನಿನಲ್ಲಿ ಆದದ್ದೆಂದು ವೈದ್ಯರಿಗೆ ಹೇಳಿ ಕೆಲಸಕ್ಕೆ ಮರಳಿದ್ದ. ನಿಜ ಹೇಳಿದ್ದರೆ ಈ ದುರಂತ ತಪ್ಪುವ ಸಾಧ್ಯತೆಯಿತ್ತೆಂದು ವಿಚಾರಣೆ ನಡೆಸಿದ ನ್ಯಾಯಾಧೀಶರು 2015ರ ಡಿಸೆಂಬರಿನಲ್ಲಿ ನೀಡಿದ ತೀರ್ಮಾನದಲ್ಲಿ ದಾಖಲಿಸಿದರು.

ಆ ಚಾಲಕನನ್ನು ಹಳಿದು ಮುಂದೆ ಹೋಗುವುದು ಸುಲಭ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಅದರಲ್ಲಿ ಬೇರೊಂದು ಪ್ರಶ್ನೆ ಕಾಣುತ್ತದೆ: ಅವನು ನಿಜ ಹೇಳಿದ್ದರೆ ಅವನಿಗೇನು ಸಿಗುತ್ತಿತ್ತು? ವಹಿವಾಟಿನ ಒಬ್ಬ ಪಕ್ಷಗಾರನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಾಗ ಏನೆಲ್ಲ ಎಡವಟ್ಟಾಗುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸಿದ್ದರು. 2001ರ ನೊಬೆಲ್ ಅವರಿಗೆ ಅದಕ್ಕಾಗಿಯೇ ಬಂತು. ಇಲ್ಲಿ ಕಾರಿನ ಬದಲು ಚಾಲಕನ ದೇಹವಿದೆ. ಒಳಗಿನ ಸ್ಥಿತಿ ಅವನೊಬ್ಬನಿಗೇ ಗೊತ್ತು. ಅದನ್ನು ಹೇಳಿದರೆ ಆಗುವ ನಷ್ಟವೆಲ್ಲ ಅವನದು, ಹೇಳದಿದ್ದರೆ ಒದಗುವ ಅಪಾಯದ ದೊಡ್ಡ ಪಾಲು ರಸ್ತೆಯಲ್ಲಿರುವ ಅಪರಿಚಿತರದು. ಇಂತಹ ಲೆಕ್ಕಾಚಾರದಲ್ಲಿ ಮೌನವೇ ಗೆಲ್ಲುತ್ತದೆ.

ನಮ್ಮ ಕಾನೂನು ಈ ಮೌನವನ್ನು ಹೇಗೆ ಎದುರಿಸುತ್ತದೆ? ಚಾಲನಾ ಪರವಾನಗಿಗೆ ಅರ್ಜಿ ಸಲ್ಲಿಸುವಾಗ ತುಂಬಬೇಕಾದ ನಮೂನೆ 1ರ ಮೊದಲ ಪ್ರಶ್ನೆಯೇ, ನಿಮಗೆ ಮೂರ್ಛೆರೋಗವಿದೆಯೇ, ಯಾವುದೇ ಕಾರಣದಿಂದ ಹಠಾತ್ತನೆ ಪ್ರಜ್ಞೆ ತಪ್ಪುವುದು ಅಥವಾ ತಲೆಸುತ್ತುವುದು ಉಂಟೇ ಎಂಬುದು. ಪ್ರಶ್ನೆ ಸರಿಯಾಗಿಯೇ ಇದೆ. ಅದನ್ನು ಓದಿ ಉತ್ತರಿಸುವವರು ಎಷ್ಟು ಮಂದಿ? ಅರ್ಜಿ ತುಂಬುವ ಮಧ್ಯವರ್ತಿಯೇ ‘ಇಲ್ಲ’ ಎಂದು ಗುರುತು ಹಾಕಿ ಸಹಿಗೆ ಮುಂದಿಡುತ್ತಾನೆ. ನಲವತ್ತು ದಾಟಿದವರು ಸಲ್ಲಿಸಬೇಕಾದ ವೈದ್ಯಕೀಯ ಪ್ರಮಾಣಪತ್ರ ನಮೂನೆ 1ಎ ಪಡೆಯಲು ಬೇಕಾಗುವ ಸಮಯ ಒಂದು ಕಾಫಿ ಕುಡಿಯುವಷ್ಟು ಎಂಬುದು ಸಾರಿಗೆ ಕಚೇರಿಗಳ ಆಸುಪಾಸಿನಲ್ಲಿ ನಿಂತವರಿಗೆಲ್ಲ ಗೊತ್ತು. 2019ರ ತಿದ್ದುಪಡಿಯ ನಂತರ ಮೂವತ್ತರಿಂದ ಐವತ್ತರೊಳಗಿನವರ ಪರವಾನಗಿ ಹತ್ತು ವರ್ಷ ಊರ್ಜಿತ. 49ರಲ್ಲಿ ನವೀಕರಿಸಿದವರಿಗೆ ಮುಂದಿನ ಪ್ರಮಾಣಪತ್ರ ಬೇಕಾಗುವುದು 59ಕ್ಕೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗ ಎಲ್ಲವೂ ಮನೆ ಹೊಕ್ಕುವ ದಶಕ ಅದೇ.

ಶಿಕ್ಷೆಯ ವಿಷಯವನ್ನೂ ನೋಡೋಣ. ಚಾಲನೆಗೆ ಅಪಾಯಕಾರಿಯಾದ ಕಾಯಿಲೆ ತನಗಿದೆಯೆಂದು ತಿಳಿದೂ ವಾಹನ ನಡೆಸುವುದು ಮೋಟಾರು ವಾಹನ ಕಾಯ್ದೆಯ 186ನೇ ಕಲಮಿನಡಿ ಅಪರಾಧ. 2019ರವರೆಗೆ ಮೊದಲ ಬಾರಿಗೆ ಇನ್ನೂರು ರೂಪಾಯಿ ದಂಡವಿತ್ತು; ಈಗ ಸಾವಿರವಾಗಿದೆ. ಈ ಕಲಮಿನಡಿ ಮೊಕದ್ದಮೆ ಹೂಡಿದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಅಪಘಾತವಾದರೆ ಪ್ರಥಮ ವರ್ತಮಾನ ವರದಿಯಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಎಂಬ ಪಡಿಯಚ್ಚಿನ ಸಾಲು ಬೀಳುತ್ತದೆ. ಹಿಂದೆ ಅದು ದಂಡಸಂಹಿತೆಯ 279 ಮತ್ತು 304ಎ ಕಲಮುಗಳಡಿ ಹೋಗುತ್ತಿತ್ತು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ರಡಿ ಹೋಗುತ್ತಿದೆ. ಚಾಲಕನೂ ಸತ್ತರೆ ಪ್ರಕರಣವೇ ಮುಗಿಯಿತು. ಅವನಿಗೆ ಅಂದು ಬೆಳಿಗ್ಗೆ ತಲೆಸುತ್ತಿತ್ತೇ ಎಂದು ಮನೆಯವರನ್ನು ಕೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಕೇಳದ ಪ್ರಶ್ನೆಯ ಉತ್ತರ ಅಂಕಿಅಂಶದಲ್ಲಿ ಕಾಣುವುದೂ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ಈ ಸಾವುಗಳನ್ನು ಸಂಚಾರ ನಿಯಮ ಉಲ್ಲಂಘನೆಯ ಬಗೆಗಳ ಪ್ರಕಾರ ವಿಂಗಡಿಸುತ್ತದೆ: ಅತಿವೇಗ, ಮದ್ಯಪಾನ, ಎದುರುದಿಕ್ಕಿನ ಚಾಲನೆ, ಕೆಂಪುದೀಪ ದಾಟುವಿಕೆ, ಮೊಬೈಲ್ ಬಳಕೆ, ಉಳಿದದ್ದೆಲ್ಲ ‘ಇತರೆ’. ಪ್ರಜ್ಞೆ ತಪ್ಪಿದ ಚಾಲಕನ ಕಾಲು ಆಕ್ಸಲರೇಟರ್ ಮೇಲೆಯೇ ಉಳಿದು ಸಂಭವಿಸಿದ ಸಾವು ಈ ಪಟ್ಟಿಯಲ್ಲಿ ಅತಿವೇಗದ ಲೆಕ್ಕಕ್ಕೆ ಸೇರಿಹೋದರೆ ಆಶ್ಚರ್ಯವಿಲ್ಲ. ಸರ್ಕಾರದಲ್ಲಿ ಕಾಲಂ ಇಲ್ಲದ ಸಮಸ್ಯೆಗೆ ಅನುದಾನವೂ ಇರುವುದಿಲ್ಲವೆಂಬುದು ಕಡತಗಳ ನಡುವೆ ಬದುಕಿದವರೆಲ್ಲರ ಅನುಭವ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯದೆ ನಾವೇ ಮಾಡಬಹುದಾದದ್ದು ಸಾಕಷ್ಟಿದೆ. ಚಾಲನೆಯ ನಡುವೆ ಅಪರಿಚಿತವಾದ ಏನೇ ಆದರೂ ಎಡಕ್ಕೆ ಸರಿದು, ನಾಲ್ಕೂ ಸೂಚಕ ದೀಪಗಳನ್ನು ಹಾಕಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆಯಬೇಕು. ದ್ವಿಚಕ್ರದವರು ಇಳಿದು ಕುಳಿತುಬಿಡಬೇಕು. ಅವರಿಗೆ ಅರೆಕ್ಷಣದ ತಲೆಸುತ್ತೂ ಹಿಂದಿನ ಲಾರಿಯ ಚಕ್ರದಡಿಗೆ ಬೀಳಲು ಸಾಕು. ಮೇಲ್ಸೇತುವೆಯ ಮೇಲಿದ್ದರೆ ಇಳಿಯುವವರೆಗೆ ತಡೆದುಕೊಳ್ಳೋಣವೆಂಬ ಲೆಕ್ಕ ಬೇಡ. ಹಿಂದಿನವರು ಹಾರ್ನ್ ಬಾರಿಸುತ್ತಾರೆ, ಬಾರಿಸಲಿ. ಸರಿಹೋಯಿತೆಂದು ಅನ್ನಿಸಿದರೂ ಮತ್ತೆ ಚಾಲಕನ ಆಸನದಲ್ಲಿ ಕೂರಬಾರದು. ಅದೇನೆಂದು ವೈದ್ಯರು ಪತ್ತೆ ಹಚ್ಚಿ, ಚಾಲನೆಗೆ ಅಡ್ಡಿಯಿಲ್ಲವೆಂದು ಹೇಳುವವರೆಗೆ ಕೀಲಿಕೈ ಬೇರೆಯವರ ಬಳಿ ಇರಲಿ. ವೈದ್ಯರೊಂದಿಗೆ ಮಾತಾಡುವಾಗ ‘ವಾಹನ ನಡೆಸುತ್ತಿದ್ದಾಗ ಆಯಿತು’ ಎಂಬ ಮಾತನ್ನು ಬಿಡದೆ ಹೇಳಬೇಕು, ಗ್ಲಾಸ್ಗೋದಲ್ಲಿ ತಪ್ಪಿಹೋದದ್ದು ಆ ಒಂದು ಮಾತೇ.

ಎದೆನೋವು ಬಂದಾಗ ತಾವೇ ಕಾರು ನಡೆಸಿಕೊಂಡು ಆಸ್ಪತ್ರೆ ಸೇರಿದವರ ಕಥೆಗಳನ್ನು ಮದುವೆಮನೆಗಳಲ್ಲಿ ಮೆಚ್ಚುಗೆಯಿಂದ ಕೇಳುತ್ತೇವೆ. ಸೇರಲಾಗದವರು ಕಥೆ ಹೇಳಲು ಬರುವುದಿಲ್ಲ. 2008ರ ನವೆಂಬರ್‌ನಿಂದ ರಾಜ್ಯದಲ್ಲಿ 108 ಸೇವೆಯಿದೆ. ಹೆದ್ದಾರಿಗಳಲ್ಲಿ 1033 ಇದೆ. ಆಂಬುಲೆನ್ಸ್ ತಡವಾಗುವುದಾದರೆ ಆಟೊ ಆದೀತು, ಪಕ್ಕದ ಮನೆಯವರ ಕಾರಾದೀತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ಉಚಿತವಾಗಿ ಕೊಡುವ ವ್ಯವಸ್ಥೆ ಈಗ ಇರುವುದರಿಂದ, ಊರಿಂದ ಬೆಂಗಳೂರಿನವರೆಗೆ ಓಡಿಬರುವ ಅವಸರವೂ ಬೇಕಿಲ್ಲ. ಪಾರ್ಶ್ವವಾಯುವಾದರೆ ಹೆಪ್ಪು ಕರಗಿಸುವ ಚಿಕಿತ್ಸೆಗೆ ಇರುವುದು ನಾಲ್ಕೂವರೆ ಗಂಟೆಯ ಅವಕಾಶ.

ಇದೆಲ್ಲ ಸ್ವಂತ ಕಾರಿನವರಿಗೆ ಹೇಳಿದ ಮಾತಾಯಿತು. ಚಾಲನೆಯೇ ಹೊಟ್ಟೆಪಾಡಾದವರಿಗೆ ‘ವೈದ್ಯರು ಹೇಳುವವರೆಗೆ ಗಾಡಿ ಮುಟ್ಟಬೇಡಿ’ ಎನ್ನುವುದು ನಮ್ಮಂಥವರ ಬಾಯಿಗೆ ಹಗುರವಾದ ಉಪದೇಶ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು. ಸಾಲದ ಕಂತು ಕಟ್ಟುವ ಟ್ಯಾಕ್ಸಿ ಚಾಲಕನಿಗೆ ಆ ಮಿತಿ ಇತ್ತೆಂಬುದೇ ಗೊತ್ತಿರಲಾರದು. ಅವನಿಗೆ ಒಂದು ಇಸಿಜಿ, ಒಂದು ಸ್ಕ್ಯಾನ್, ನಾಲ್ಕು ದಿನದ ವಿಶ್ರಾಂತಿ ಎಂದರೆ ತಿಂಗಳ ಕಂತು ತಪ್ಪಿದಂತೆ. 2025ರಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯನ್ನು ತಂದಿದೆ. ವೇದಿಕೆ ಕಂಪನಿಗಳಿಂದ ವಂತಿಗೆ ಸಂಗ್ರಹಿಸುವ ಕ್ಷೇಮನಿಧಿಗೆ ಅದರಲ್ಲಿ ಅವಕಾಶವಿದೆ. ವೈದ್ಯರ ಸಲಹೆಯ ಮೇರೆಗೆ ಚಾಲನೆ ನಿಲ್ಲಿಸಿದ ದಿನಗಳ ಆದಾಯನಷ್ಟದ ಒಂದು ಭಾಗವನ್ನು ಈ ನಿಧಿಯಿಂದ ಭರಿಸುವುದು ಅದರ ಅತ್ಯುತ್ತಮ ಉಪಯೋಗಗಳಲ್ಲಿ ಒಂದಾದೀತು. ಸಾರಿಗೆ ನಿಗಮಗಳಲ್ಲೂ ‘ಇಂದು ಮೈ ಸರಿಯಿಲ್ಲ’ ಎಂದ ಚಾಲಕನಿಗೆ ಗೈರುಹಾಜರಿ ಹಾಕದೆ ಡಿಪೊದಲ್ಲೇ ಬೇರೆ ಕೆಲಸ ಕೊಡುವ ಪದ್ಧತಿ ಬರಬೇಕು. ಇದರಿಂದ ಸುಳ್ಳು ಹೇಳುವವರು ಹೆಚ್ಚುತ್ತಾರೆಂಬ ಆಕ್ಷೇಪ ಬರುತ್ತದೆ. ಬರಲಿ. ಕೆಲವರು ಸುಳ್ಳು ಹೇಳಿ ರಜೆ ಪಡೆಯುವ ವ್ಯವಸ್ಥೆಗೂ, ಎಲ್ಲರೂ ಸುಳ್ಳು ಹೇಳಿ ಬಸ್ಸು ನಡೆಸುವ ವ್ಯವಸ್ಥೆಗೂ ವ್ಯತ್ಯಾಸವಿದೆ.

ನಮೂನೆ 1ರಲ್ಲೂ ಒಂದು ಬದಲಾವಣೆ ಆಗಬೇಕು. ಇಂದು ಅಲ್ಲಿ ‘ಹೌದು’ ಎಂದವನು ಪರವಾನಗಿಯನ್ನೇ ಕಳೆದುಕೊಳ್ಳುವ ಭಯದಲ್ಲಿರುತ್ತಾನೆ. ಬ್ರಿಟನ್ನಿನಲ್ಲಿ ಮೂರ್ಛೆರೋಗಿಯೊಬ್ಬ ಒಂದು ವರ್ಷ ಮೂರ್ಛೆ ಬರದೆ ಕಳೆದರೆ ಕಾರಿನ ಪರವಾನಗಿಯನ್ನು ಮರಳಿ ಪಡೆಯಬಹುದು. ಪಾರ್ಶ್ವವಾಯು ಅಥವಾ ಟಿಐಎ ಆದವನು ಒಂದು ತಿಂಗಳು ಕಾರು ಮುಟ್ಟುವಂತಿಲ್ಲ. ಅವಧಿ ಇಂತಿಷ್ಟೆಂದು ತಿಳಿದಿದ್ದರೆ ಕಾಯುವ ಮನಸ್ಸೂ ಬರುತ್ತದೆ. ಆ ಪ್ರಶ್ನೆಯ ಕೆಳಗೆ, ಉತ್ತರ ಹೌದಾದರೆ ವೈದ್ಯರು ಯಾವ ದಿನಾಂಕದಿಂದ ಚಾಲನೆಗೆ ಅನುಮತಿ ನೀಡಿದ್ದಾರೆ ಎಂದು ಕೇಳುವ ಇನ್ನೊಂದು ಸಾಲು ಸೇರಬೇಕು. ಪ್ರತಿ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ತಜ್ಞರಿಂದ ನಿಗದಿಪಡಿಸಿ ಪ್ರಕಟಿಸಬೇಕು. ನಮೂನೆಗಳಿರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಾದ್ದರಿಂದ, ಇದಕ್ಕೆ ಸಂಸತ್ತಿನಲ್ಲಿ ಮಸೂದೆ ಮಂಡಿಸುವ ಅಗತ್ಯವಿಲ್ಲ. ಸಚಿವಾಲಯದ ಒಂದು ಅಧಿಸೂಚನೆ ಸಾಕು.