ಗಣಿಯ ಬಿಸಿಲು, ಸೆರಗಿನ ನೆರಳು

ಶಹಾಬಾದಿನ ಕಲ್ಲುಗಣಿಯಲ್ಲಿ ನಡುಹಗಲು ಛಾಯಾಚಿತ್ರ ತೆಗೆಯಹೊರಟವರ ಪಾಡು ವಾಚಕರಲ್ಲಿ ಕೆಲವರಿಗಾದರೂ ತಿಳಿದಿರಬೇಕು. ಬಿಸಿಲಿಗೆ ಕಾದ ಹಾಸುಗಲ್ಲು ಚಿತ್ರದಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗುವುದು; ಸೆರಗನ್ನು ಮುಂದಕ್ಕೆಳೆದು ಕಲ್ಲುಚೂರಿನ ಬುಟ್ಟಿ ಹೊತ್ತವಳ ಮುಖ ಮಸಿಯಾಗುವುದು. ಊರಿಗೆ ಹೆಸರು ತಂದ ಕಲ್ಲೂ ಇಲ್ಲ, ಅದನ್ನು ಹೊತ್ತವಳೂ ಇಲ್ಲ!

ತಪ್ಪು ತೆಗೆದವನದಷ್ಟೇ ಅಲ್ಲ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಎಂದರೆ ಸಿಲಿಕಾನಿನ ಬಿಲ್ಲೆಯ ಮೇಲೆ ಒತ್ತೊತ್ತಾಗಿ ಕೂರಿಸಿದ ಕೋಟಿಗಟ್ಟಲೆ ಪುಟ್ಟ ಕೊಡಗಳೆಂದು ತಿಳಿಯಿರಿ. ಬೆಳಕು ಬಿದ್ದಂತೆ ಅವುಗಳಲ್ಲಿ ಎಲೆಕ್ಟ್ರಾನುಗಳು ತುಂಬುವವು. ಕೊಡ ತುಂಬಿ ತುಳುಕಿದರೆ ಬರಿಯ ಬಿಳುಪು. ತಳವಷ್ಟೇ ನೆನೆದರೆ, ಯಂತ್ರದೊಳಗೇ ಹುಟ್ಟುವ ವಿದ್ಯುತ್ತಿನ ಕಲಕಿನಲ್ಲಿ ಆ ಅಲ್ಪವೂ ಕಳೆದುಹೋಗುವುದು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಕಲ್ಪಿಸಿದ ಸಿ.ಸಿ.ಡಿ.ಯಲ್ಲಿ, ಆಳುಗಳು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಎಲೆಕ್ಟ್ರಾನುಗಳು ಕೊಡದಿಂದ ಕೊಡಕ್ಕೆ ಸಾಗಿ ಅಳತೆಯ ಬಾಗಿಲಿಗೆ ಬರಬೇಕು. (ಇದಕ್ಕೆ ನೊಬೆಲ್ ಬಂದದ್ದು 2009ರಲ್ಲಿ, ನಲವತ್ತು ವರ್ಷ ಕಾಯಿಸಿದರು.) 1990ರ ದಶಕದಲ್ಲಿ ನಾಸಾದ ಪ್ರಯೋಗಾಲಯವೊಂದರಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಬೆಳೆಸಿದ ಸಿಮಾಸ್ ಸೆನ್ಸರಿನಲ್ಲಿ ಕೊಡಕ್ಕೊಂದು ವರ್ಧಕ, ವಿದ್ಯುತ್ತಿನ ಖರ್ಚೂ ಕಡಿಮೆ. ಆದರೆ ಮೇಲೆ ಹಾಯ್ದ ತಂತಿಗಳು ಬೆಳಕಿಗೆ ಅಡ್ಡವಾಗುತ್ತಿದ್ದವು. ಬಿಲ್ಲೆಯನ್ನೇ ಮಗುಚಿ, ಬೆನ್ನ ಕಡೆಯಿಂದ ಬೆಳಕನ್ನು ಬರಮಾಡಿಕೊಂಡ ಸೆನ್ಸರನ್ನು 2009ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದಿತು. ಆಗ ನೆರಳಿನ ಕೊಡಗಳಿಗೂ ಒಂದಿಷ್ಟು ಹೆಚ್ಚು ದಕ್ಕಿತು.

ಇಂದಿನ ಫೋನು ಕ್ಷಣಮಾತ್ರದಲ್ಲಿ ಹಲವು ಚಿತ್ರಗಳನ್ನು ಹಿಡಿದು, ಒಂದರಿಂದ ಬಿಸಿಲನ್ನೂ ಇನ್ನೊಂದರಿಂದ ನೆರಳನ್ನೂ ಆಯ್ದು ಬೆಸೆಯಬಲ್ಲದು. ಬುಟ್ಟಿ ಹೊತ್ತವಳು ಅಲುಗದೆ ನಿಂತರೆ ಕಲ್ಲೂ ಮುಖವೂ ಎರಡೂ ಮೂಡುವವು. ನಿಲ್ಲಲು ಆಕೆಗೆ ಪುರಸೊತ್ತೆಲ್ಲಿ?