ನೌಕಾನೆಲೆಗೆ ಜಾಗ ಬಿಟ್ಟವರಿಗೆ ರಾಜ್ಯ ಬರೆದುಕೊಟ್ಟಿದ್ದೇನು?

2005ರಲ್ಲಿ ಏಳು ತಿಂಗಳ ಅಂತರದಲ್ಲಿ ನಮ್ಮ ರಾಜ್ಯದಲ್ಲಿ ಎರಡು ಸಂಗತಿ ನಡೆದವು. ಮೇ 31ರಂದು ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯ್ತು. ಡಿಸೆಂಬರ್ 31ಕ್ಕೆ, ಸುಪ್ರೀಂ ಕೋರ್ಟ್ ಕೊಟ್ಟ ಗಡುವಿನಂತೆ, ಆಗ ಮೂಡಿಗೆರೆ ತಾಲೂಕಿನಲ್ಲಿದ್ದ ಕುದುರೆಮುಖದ ಗಣಿ ನಿಂತಿತು. ಕೇಂದ್ರದ ಒಂದು ಸಂಸ್ಥೆ ಬಂತು, ಇನ್ನೊಂದು ಹೊರಟಿತು.

ಕಳಸ, ಸಂಸೆ ಕಡೆಯವರಿಗೆ ಎರಡನೆಯದರ ಬಿಸಿ ಗೊತ್ತು. ಕಂಪನಿ ಟೌನ್‌ಶಿಪ್ ಇರೋವರೆಗೆ ಕೆಲಸ, ವ್ಯಾಪಾರ ಎಲ್ಲ ಇತ್ತು. ಗಣಿ ನಿಂತ ಮೇಲೆ ಟೌನ್‌ಶಿಪ್ ಖಾಲಿಯಾಯ್ತು. ಸುತ್ತಲಿನ ಊರು ಮಾತ್ರ ಎಲ್ಲಿಗೂ ಹೋಗೋ ಹಾಗಿರಲಿಲ್ಲ.

ನೌಕಾನೆಲೆ ಹಾಗೆ ಮುಚ್ಚುವುದಿಲ್ಲ, ನಿಜ. ಆದರೆ ಜಾಗ ಬಿಟ್ಟವರು ಗೇಟಿನ ಹೊರಗೇ ಉಳಿಯುತ್ತಾರೆ. ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲೂಕುಗಳಲ್ಲಿ 11 ಸಾವಿರ ಎಕರೆಗೂ ಹೆಚ್ಚು ಜಾಗ ಹೋಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದವು. ದುಡ್ಡು ರಕ್ಷಣಾ ಇಲಾಖೆಯದ್ದು, ಜಾಗ ಬಿಡಿಸಿಕೊಟ್ಟಿದ್ದು ರಾಜ್ಯದ ಕಂದಾಯ ಇಲಾಖೆ. ಪರಿಹಾರದ ದರ ಸಾಲದೆಂದು ನಿರಾಶ್ರಿತರು ಕೋರ್ಟಿಗೆ ಹೋದರು. ಹಕ್ಕಿನ ಹಣಕ್ಕೆ ದಶಕಗಟ್ಟಲೆ ಅಲೆದರು. ಮೀನುಗಾರರ ಕಡಲತೀರವೂ ಹೋಯಿತು. 2020ರ ಜನವರಿಯಲ್ಲಿ ಸಾಗರಮಾಲಾ ಬಂದರು ವಿಸ್ತರಣೆ ವಿರುದ್ಧ ಕಾರವಾರದ ಮೀನುಗಾರರು ಬೀದಿಗಿಳಿದಾಗ ಆ ಸಿಟ್ಟಿನ ಹಿಂದೆ ಇದೂ ಇತ್ತು.

ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ತಕರಾರಿಲ್ಲ. ಪ್ರಶ್ನೆ ಇರೋದು ರಾಜ್ಯ ಸರ್ಕಾರದ ಪಾತ್ರದ ಬಗ್ಗೆ. ಜಾಗ ಹಸ್ತಾಂತರ ಆಗುವವರೆಗೆ ಮಾತ್ರ ರಾಜ್ಯದ ಮಾತಿಗೆ ತೂಕ. ಆಮೇಲೆ ಉಳಿಯೋದು ಮನವಿಪತ್ರ. 2013ರ ಭೂಸ್ವಾಧೀನ ಕಾಯ್ದೆ ಕೂಡ ರಕ್ಷಣೆಯ ತುರ್ತು ಇದ್ದಾಗ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ವಿನಾಯಿತಿ ಕೊಡಲು ಬಿಡುತ್ತದೆ. ಹಾಗಾಗಿ ಜನರ ಷರತ್ತನ್ನು ಮೊದಲೇ ಕಾಗದಕ್ಕಿಳಿಸುವ ಹೊಣೆ ರಾಜ್ಯದ ಮೇಲೇ ಬೀಳುತ್ತೆ.

ಅದಕ್ಕೆ ಅಂಕೋಲಾದ ಅಲಗೇರಿ ಪರೀಕ್ಷೆ. ಅಲ್ಲಿ ನೌಕಾಪಡೆಯ ವಿಮಾನ ನಿಲ್ದಾಣದ ಜೊತೆ ನಾಗರಿಕ ವಿಮಾನಗಳಿಗೂ ಟರ್ಮಿನಲ್ ಯೋಜನೆ ಇದೆ. ಈ ನಾಗರಿಕ ಭಾಗಕ್ಕೆ ಜಾಗ ಕೊಡಿಸೋದು ರಾಜ್ಯವೇ. ಇಲ್ಲಿ ದೇಶದ ಭದ್ರತೆಯ ತುರ್ತು ಅನ್ನೋ ನೆಪ ನಡೆಯಲ್ಲ.

ಬೇಡಿಕೆ ದೊಡ್ಡದೇನಲ್ಲ. ಪರಿಹಾರ ಪೂರ್ತಿ ಕೈಸೇರಿದ ಮೇಲೆಯೇ ಜಾಗ ಹಸ್ತಾಂತರಿಸಲಿ. ಒಮ್ಮೆ ಎದ್ದ ಕುಟುಂಬವನ್ನು ಮತ್ತೊಮ್ಮೆ ಎಬ್ಬಿಸೋದಾದರೆ ಪ್ರತ್ಯೇಕ ಪುನರ್ವಸತಿ ಕೊಡಲಿ. ಎಷ್ಟು ಕೆಲಸ ಸ್ಥಳೀಯರಿಗೆ ಅಂತ ಒಪ್ಪಂದದಲ್ಲೇ ಬರೆಯಲಿ.

ಕಾಫಿ ನಾಡಲ್ಲಿ ದೊಡ್ಡ ಸೇನಾನೆಲೆ ಇಲ್ಲ, ನಮಗ್ಯಾಕೆ ಅನ್ನಬೇಡಿ. ಕೇಂದ್ರದ ಯೋಜನೆ ಮಲೆನಾಡಿಗೂ ಬರುತ್ತೆ, ಹೋಗುತ್ತೆ. ಆಗಲೂ ಜಾಗ ಬಿಡಿಸೋಕೆ ಮನೆ ಬಾಗಿಲಿಗೆ ಬರೋದು ನಮ್ಮ ತಹಸೀಲ್ದಾರರೇ.